ಲೇಡಿ ಮ್ಯಾನೇಜರ್

ಮಾಕಳಿಯ ಶೋಭಾರಾಣಿಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ಹಾಗಂತ ಅವಳೇ ಹೇಳುತ್ತಾಳೆ. ಓರಗಿತ್ತಿ ವರ್ಷಕ್ಕೊಂದು ಜೊತೆ ಬಳೆ ಮಾಡಿಸಿಕೊಂಡರೂ, ಪಕ್ಕದ ಮನೆಯವರು ನಾಲ್ಕನೇ ಮಹಡಿ ಎಬ್ಬಿಸಿ ಇವಳ ತುಳಸಿ ಗಿಡಕ್ಕೆ ಬಿಸಿಲು ಬೀಳದಂತೆ ಮಾಡಿದರೂ ಅವಳು ಮುಖ ಗಂಟಿಕ್ಕಿದವಳಲ್ಲ. ಅಷ್ಟು ಮಟ್ಟಿಗೆ ಮಾತು ನಿಜ. ಆದರೆ ವರ್ತೂರಿನ ವೇಣಿಯ ಹೆಸರೆತ್ತಿದರೆ ಕೈಲಿದ್ದ ಕೆಲಸ ಅಲ್ಲೇ ನಿಲ್ಲುತ್ತದೆ. ಊರವರಿಗೆಲ್ಲ ಹಂಚಬೇಕಾದ ಹೊಟ್ಟೆಕಿಚ್ಚನ್ನು ಅವಳು ಆ ಒಬ್ಬಳಿಗೇ ಮೀಸಲಿಟ್ಟಿದ್ದಾಳೆ.

ಇಪ್ಪತ್ತೆಂಟು ವರ್ಷದ ಹಿಂದೆ ಶೋಭಾರಾಣಿ ರಾಜ್ಯದ ಹುಡುಗಿಯರ ಫುಟ್‌ಬಾಲ್ ತಂಡದ ನಾಯಕಿ. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್. ಕ್ವಾರ್ಟರ್ಸಿನ ಮೈದಾನದಲ್ಲಿ ಗಂಡುಹುಡುಗರ ಕಾಲಿಗೆ ಕಾಲು ಕೊಟ್ಟು ಬೆಳೆದವಳು, ಆಟದ ಕೋಟಾದಲ್ಲಿ ಅದೇ ಕಾರ್ಖಾನೆಯಲ್ಲಿ ಕೆಲಸವನ್ನೂ ಗಿಟ್ಟಿಸಿದಳು. ವೇಣಿ ಅದೇ ತಂಡದ ಎರಡನೇ ಗೋಲ್‌ಕೀಪರ್, ಅಂದರೆ ಆಡದೆ ಬೆಂಚಿನ ಮೇಲೆ ಕೂರುವವಳು. ವರ್ತೂರು ಕೆರೆಯ ಪಕ್ಕ ಸೊಪ್ಪು ಬೆಳೆಯುತ್ತಿದ್ದ ಚಿಕ್ಕಬೈರಪ್ಪನ ಮಗಳು. ಮೂರು ಬಸ್ಸು ಬದಲಿಸಿ ಅಭ್ಯಾಸಕ್ಕೆ ಬರುತ್ತಿದ್ದಳು, ಹಾಲಿಗೆ ಆಲು ಅನ್ನುತ್ತಿದ್ದಳು. ಅವಳ ಬಾಯಲ್ಲಿ ಹಾಲು ಅಂತ ಹತ್ತು ಸಲ ಹೇಳಿಸಿ ನಗುವುದು ನಾಯಕಿಗೆ ಆಗಿನ ದೊಡ್ಡ ಮನರಂಜನೆ.

ಅಂಥ ವೇಣಿ ತನ್ನೂರಿನ ಹುಡುಗಿಯರನ್ನು ಸೇರಿಸಿಕೊಂಡು ಕೋಚಿಂಗ್ ಶುರು ಮಾಡಿದಳು. ಒಂದಾದ ಮೇಲೊಂದು ಕೋಚಿಂಗ್ ಲೈಸೆನ್ಸ್ ಪರೀಕ್ಷೆಗೆ ಕೂತಳು. "ಆಟ ಬರದೋರಿಗೆ ತಾನೇ ಸರ್ಟಿಫಿಕೇಟ್ ಬೇಕು" ಎಂದು ಶೋಭಾರಾಣಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹೇಳಿ ನಗಿಸಿದಳು. ಅವಳೂ ಕಾರ್ಖಾನೆ ಶಾಲೆಯ ಹುಡುಗಿಯರಿಗೆ ಭಾನುವಾರಗಳಲ್ಲಿ ಆಟ ಹೇಳಿಕೊಡುತ್ತಿದ್ದಳು, ಯಾವ ಲೈಸೆನ್ಸೂ ಇಲ್ಲದೆ. ಆಮೇಲೆ ವೇಣಿಯ ಹುಡುಗಿಯರಿಬ್ಬರು ದೇಶದ ತಂಡಕ್ಕೆ ಆಯ್ಕೆಯಾದರು. ಕ್ಯಾಂಟೀನಿನ ನಗು ಅಂದಿಗೆ ಮುಗಿಯಿತು, ಉರಿ ಶುರುವಾಯಿತು.

ಈ ವರ್ಷ ದೇಶದ ಮಹಿಳಾ ತಂಡದ ಕೋಚ್ ನಡುವೆಯೇ ಕೆಲಸ ಬಿಟ್ಟು ಹೋಗಿ, ಹೊಸ ಹೆಡ್ ಕೋಚ್ ಬೇಕೆಂದು ಪ್ರಕಟಣೆ ಬಂತು. ಶೋಭಾರಾಣಿ ಅರ್ಜಿ ಹಾಕಿಯೇಬಿಟ್ಟಳು.

"ಲೈಸೆನ್ಸ್ ಇರ್ಬೇಕು ಅಂತ ಬರೆದಿದ್ದಾರಲ್ಲೇ" ಎಂದ ಗಂಡ ಪಟ್ಟಾಭಿರಾಮ. ಅದೇ ಕಾರ್ಖಾನೆಯಿಂದ ನಿವೃತ್ತನಾಗಿ ಪೇಪರ್ ಓದುವುದನ್ನೇ ಡ್ಯೂಟಿ ಮಾಡಿಕೊಂಡವನು.

"ಅನುಭವ ಇರ್ಬೇಕು ಅಂತಾನೂ ಬರೆದಿದ್ದಾರೆ. ಅದನ್ನ ಓದ್ರಿ."

ಅರ್ಜಿಯ ಜೊತೆ ಹಳೆಯ ಪತ್ರಿಕೆಯ ಒಂದು ಚಿತ್ರವನ್ನೂ ಇಟ್ಟಳು. ಸೆಮಿಫೈನಲ್ಲಿನಲ್ಲಿ ಪೆನಾಲ್ಟಿ ಹೊಡೆದು ತಂಡವನ್ನು ಗೆಲ್ಲಿಸಿದ ಶೋಭಾರಾಣಿ, ಎರಡೂ ಕೈ ಮೇಲೆತ್ತಿ ನಿಂತಿದ್ದಾಳೆ. ಮೂರು ವಾರ ಉತ್ತರವಿಲ್ಲ. ವೇಣಿಯೂ ಹಾಕಿರಬಹುದೇ ಎಂಬ ಒಂದೇ ಯೋಚನೆಯಲ್ಲಿ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ತನಗೆ ಸಿಗದಿದ್ದರೂ ಚಿಂತೆಯಿಲ್ಲ, ಅವಳಿಗೆ ಸಿಗಬಾರದು. ದೇವರ ಮುಂದೆ ನಿಂತಾಗಲೂ ಅದನ್ನೇ ಬೇಡಿಕೊಂಡಳು.

ಆಗ ಬಂತು ವೈಟ್‌ಫೀಲ್ಡಿನಿಂದ ಒಂದು ಫೋನು. ಆಯ್ಕೆ ಸಮಿತಿಯ ಪರವಾಗಿ ಅಭ್ಯರ್ಥಿಗಳ ಬಗ್ಗೆ ವಿಚಾರಿಸುವ ಕೆಲಸವನ್ನು ಅಲ್ಲಿಯ ಒಂದು ಸಣ್ಣ ಕಂಪನಿಗೆ ಕೊಟ್ಟಿದ್ದರಂತೆ. ಮಾತಾಡಿದ್ದು ನಿವೇದಿತಾ ಎಂಬ ಹುಡುಗಿ. ಶನಿವಾರ ಭಾನುವಾರ ಟಿ.ವಿ.ಯಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ನೋಡಿ ಆಟದ ಭಾಷೆ ಕಲಿತವಳು. ಆ ಕಡೆ ತಂಡದ ಹೆಡ್ ಕೋಚನ್ನೇ ಮ್ಯಾನೇಜರ್ ಎನ್ನುತ್ತಾರೆ.

"ಮೇಡಂ, ನ್ಯಾಷನಲ್ ಟೀಮ್ ಮ್ಯಾನೇಜರ್ ಪೋಸ್ಟಿಗೆ ವೇಣಿ ಮೇಡಂ ಹೆಸ್ರಿದೆ. ಅವ್ರ ಬಗ್ಗೆ ಕೇಳೋಕೆ ನಿಮ್ಮ ನಂಬರ್ ಅವ್ರೇ ಕೊಟ್ಟಿದ್ದಾರೆ."

ಮ್ಯಾನೇಜರ್. ಆ ಪದ ಕಿವಿಗೆ ಬಿದ್ದದ್ದೇ ತಡ, ಶೋಭಾರಾಣಿಗೆ ಮೂರು ವಾರದ ಸಂಕಟ ಇಳಿದುಹೋಯಿತು. ಏಕೆಂದರೆ ಅವಳ ಕಾಲದಲ್ಲಿ ಆ ಪದಕ್ಕಿದ್ದ ಅರ್ಥವೇ ಬೇರೆ. ಹುಡುಗಿಯರ ತಂಡ ಊರು ಬಿಟ್ಟು ಹೊರಟರೆ ಜೊತೆಗೊಬ್ಬ ಹೆಂಗಸು ಹೋಗಲೇಬೇಕು, ಅವಳೇ ಲೇಡಿ ಮ್ಯಾನೇಜರ್. ರೈಲಿನ ಟಿಕೆಟ್ ಕಾಯುವುದು, ರೂಮಿನ ಬೀಗ ಹಾಕುವುದು, ಬಾಳೆಹಣ್ಣು ಎಣಿಸಿ ಹಂಚುವುದು, ಮುಟ್ಟಾದ ಹುಡುಗಿಗೆ ಬಿಸಿನೀರು ಹೊಂದಿಸುವುದು ಅವಳ ಕೆಲಸ. ಆಟದ ವಿಷಯದಲ್ಲಿ ಬಾಯಿ ಹಾಕುವಂತಿಲ್ಲ. ಇವರ ತಂಡಕ್ಕೆ ಭದ್ರಮ್ಮ ಎಂಬ ಟೀಚರ್ ಬರುತ್ತಿದ್ದರು. ಅವರ ಮಂಡಿನೋವಿನಿಂದಾಗಿ ಅಷ್ಟೂ ಕೆಲಸ ಬೆಂಚಿನ ಮೇಲಿದ್ದ ವೇಣಿಯ ಪಾಲಿಗೆ ಬರುತ್ತಿತ್ತು.

ಹಾಗಾದರೆ ತಾನು ಕೋಚ್, ಅವಳು ತನ್ನ ಕೈಕೆಳಗೆ ಬಾಳೆಹಣ್ಣು ಹಂಚುವವಳು. ಲೋಕ ಮತ್ತೆ ಸರಿಯಾದ ಜಾಗಕ್ಕೆ ಬಂದಿತ್ತು. ಶೋಭಾರಾಣಿ ಸೋಫಾದ ಮೇಲೆ ಕಾಲು ಮಡಿಚಿ ಕೂತಳು. ಇಷ್ಟು ಧಾರಾಳ ಅವಳಿಗೆ ಜೀವಮಾನದಲ್ಲಿ ಬಂದಿರಲಿಲ್ಲ.

"ವೇಣಿನಾ? ಕಣ್ಣುಮುಚ್ಚಿ ತಗೊಳ್ಳಿ. ಯಾರು ಊಟ ಬಿಟ್ಟಿದ್ದಾರೆ, ಯಾರು ಕಾಲುನೋವು ಮುಚ್ಚಿಟ್ಟಿದ್ದಾರೆ, ಯಾರಿಗೆ ಮನೆಯಿಂದ ಕಾಗದ ಬಂದಿಲ್ಲ, ಎಲ್ಲ ಅವಳಿಗೆ ಗೊತ್ತಿರುತ್ತೆ. ಒಂದ್ಸಲ ನಾನೇ ಇಡೀ ಟೀಮಿನ ಟಿಕೆಟ್ಟು ಪ್ಲಾಟ್‌ಫಾರ್ಮ್ ಬೆಂಚ್ ಮೇಲೆ ಬಿಟ್ಟು ರೈಲು ಹತ್ತಿದ್ದೆ. ಅವಳೇ ಇಳಿದು ಓಡಿಹೋಗಿ ತಂದ್ಲು."

"ಆಟದ ತಿಳಿವಳಿಕೆ ಹೇಗಿದೆ ಮೇಡಂ?"

ಇಲ್ಲಿ ಸುಮ್ಮನಿದ್ದಿದ್ದರೂ ನಡೆಯುತ್ತಿತ್ತು. ಆದರೆ ಗೆದ್ದ ಸಂತೋಷದಲ್ಲಿ ಬಾಯಿಗೆ ಲಗಾಮಿರಲಿಲ್ಲ. ಯಾರಿಗೂ, ಕಟ್ಟಿಕೊಂಡ ಗಂಡನಿಗೂ ಹೇಳದ ಮಾತು ಹೊರಬಿತ್ತು.

"ಸೆಮಿಫೈನಲ್ ಪೆನಾಲ್ಟಿ ಹೊಡೆದೋಳು ನಾನು. ಆದ್ರೆ ಅದಕ್ಕೆ ಮುಂಚೆ ನೀರು ಕೊಡೋ ನೆಪದಲ್ಲಿ ಬಂದು ಅವಳು ಕಿವೀಲಿ ಹೇಳಿದ್ಲು. ಎದುರು ಕೀಪರ್ ನಾವು ಒದೆಯೋಕೆ ಮುಂಚೇನೇ ಬಲಕ್ಕೆ ವಾಲ್ತಾಳೆ, ಅವಳ ಎಡಕ್ಕೆ ಹೊಡೀರಿ ಅಂತ. ಹಾಗೇ ಹೊಡೆದೆ. ಬೆಂಚ್ ಮೇಲೆ ಕೂತು ಅಷ್ಟು ನೋಡ್ತಿದ್ಲು."

ಫೋನಿಟ್ಟು ಶೋಭಾರಾಣಿ ಎರಡು ಹೋಳಿಗೆ ತಿಂದಳು.

ಹತ್ತು ದಿನದ ಮೇಲೆ ಪಟ್ಟಾಭಿರಾಮ ಪೇಪರನ್ನು ಹೆಂಡತಿಯ ಮುಂದೆ ಇಟ್ಟು ಗಿಡಕ್ಕೆ ನೀರು ಹಾಕಲು ಹೋದ. ಮಹಿಳಾ ಫುಟ್‌ಬಾಲ್ ತಂಡಕ್ಕೆ ವರ್ತೂರಿನ ವೇಣಿ ಹೆಡ್ ಕೋಚ್. ಲೈಸೆನ್ಸ್ ಇಲ್ಲದವರನ್ನು ಮೊದಲೇ ಕೈಬಿಟ್ಟಿದ್ದರು, ಕೊನೆಯ ಸುತ್ತಿನಲ್ಲಿ ಉಳಿದ ಇಬ್ಬರು ಸಮಬಲದಲ್ಲಿದ್ದರು, ಹಳೆಯ ಸಹ ಆಟಗಾರ್ತಿಯೊಬ್ಬರು ವೇಣಿಯ ಬಗ್ಗೆ ಆಡಿದ ಮಾತು ಸಮಿತಿಯ ಮನಸ್ಸು ತಿರುಗಿಸಿತು ಎಂದು ಕೆಳಗೆ ಬರೆದಿತ್ತು.

ಶೋಭಾರಾಣಿ ಅದನ್ನು ಮೂರು ಸಲ ಓದಿದಳು. ಮೊದಲ ಸಲ ವೇಣಿಯನ್ನು ಬೈದಳು, ಎರಡನೇ ಸಲ ಆ ವೈಟ್‌ಫೀಲ್ಡ್ ಹುಡುಗಿಯನ್ನು, ಮೂರನೇ ಸಲ ತನ್ನ ನಾಲಿಗೆಯನ್ನು. ಕೋಚ್ ಕೆಲಸಕ್ಕೆಂದು ತಿಳಿದಿದ್ದರೆ ಒಂದೇ ಒಂದು ಒಳ್ಳೆಯ ಮಾತು ಬಾಯಿಂದ ಹೊರಡುತ್ತಿರಲಿಲ್ಲ. ತಾನೇ ಕೈಯಾರೆ ಅವಳನ್ನು ಹತ್ತಿಸಿ ಕೂರಿಸಿದ್ದೇನೆ ಎಂಬುದು ಹೊಟ್ಟೆಯೊಳಗೆ ಕೆಂಡವಾಗಿ ಕೂತಿತು. ಆ ಪೆನಾಲ್ಟಿಯ ಮಾತನ್ನು ನೆನೆದಾಗ ಇನ್ನೂ ಉರಿಯಿತು, ಏಕೆಂದರೆ ಅದು ಸುಳ್ಳಾಗಿರಲಿಲ್ಲ.

ಸಂಜೆ ವೇಣಿಯದೇ ಫೋನು.

"ಅಕ್ಕಾ, ನಾನು ವೇಣಿ. ನಿಮ್ಮಿಂದ ಆಯ್ತು."

"ನನ್ನಿಂದ ಏನಿಲ್ಲ ಬಿಡು."

"ಅಂಗನ್ಬೇಡಿ. ಈಗ ತಂಡಕ್ಕೆ ಲೇಡಿ ಮ್ಯಾನೇಜರ್ ಬೇಕು, ಯಾರ್ ಬೇಕು ಅಂತ ನನ್ನೇ ಕೇಳಿದ್ರು. ನಿಮ್ಮೆಸ್ರು ಏಳೋಣ ಅಂತಿದೀನಿ. ಬತ್ತೀರಾ?"

ಶೋಭಾರಾಣಿಗೆ ಕೆನ್ನೆಗೆ ಹೊಡೆದಂತಾಯಿತು. ಎದ್ದು ನಿಂತಳು, ಮತ್ತೆ ಕೂತಳು. ಅಣಕಿಸುತ್ತಿದ್ದಾಳೋ ಎಂದು ಧ್ವನಿಯಲ್ಲಿ ಹುಡುಕಿದಳು, ಸಿಗಲಿಲ್ಲ. ಸಿಕ್ಕಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಕೊನೆಗೆ ಹೊರಬಂದದ್ದು ನಿಜ.

"ವೇಣಿ, ಆವತ್ತು ಮ್ಯಾನೇಜರ್ ಅಂದ್ರೆ ಆ ಬಾಳೆಹಣ್ಣಿನ ಕೆಲಸ ಅಂದ್ಕೊಂಡು ಹೊಗಳಿದ್ದು ಕಣೇ. ಇದಕ್ಕೆ ಅಂತ ಗೊತ್ತಿದ್ರೆ ಬಾಯಿ ಬಿಡ್ತಿರ್ಲಿಲ್ಲ. ನಾನೂ ಅರ್ಜಿ ಹಾಕಿದ್ದೆ."



"ಗೊತ್ತಾಯ್ತಕ್ಕ. ಆ ಕಂಪ್ನಿ ಉಡುಗಿ ನೀವೇಳಿದ್ದೆಲ್ಲ ಓದಿ ಏಳಿದ್ಲು. ಊಟ, ಕಾಗದ, ಟಿಕೆಟ್ಟು ಅಂತ ಬಂದಾಗ್ಲೇ ಅಂದ್ಕೊಂಡೆ, ನಮ್ಮಕ್ಕ ಬದ್ರಮ್ಮ ಮಿಸ್ ಕೆಲಸಕ್ಕೆ ಮಾತಾಡವ್ರೆ ಅಂತ. ಆದ್ರೆ ಪೆನಾಲ್ಟಿ ಮಾತು ಬದ್ರಮ್ಮ ಮಿಸ್ ಕೆಲಸಕ್ಕೆ ಬೇಕಿರ್ಲಿಲ್ಲ ಅಲ್ವಾ?"

ಶೋಭಾರಾಣಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಇಪ್ಪತ್ತೆಂಟು ವರ್ಷ ಈ ಹೆಣ್ಣು ಆ ಮಾತಿಗಾಗಿ ಕಾದಿದ್ದಳು, ಒಂದು ದಿನವೂ ಬಾಯಿಬಿಟ್ಟು ಕೇಳಿರಲಿಲ್ಲ.

"ನನ್ ಹೊಟ್ಟೆ ಇನ್ನೂ ಉರೀತಿದೆ ಕಣೇ."

"ಉರೀಲಿ ಬಿಡಿ ಅಕ್ಕ. ಸೋಮವಾರ ಕ್ಯಾಂಪು. ಟಿಕೆಟ್ ಮಾತ್ರ ಬೆಂಚ್ ಮೇಲೆ ಬಿಡ್ಬೇಡಿ."