ಒರೆಸಿ ಕೂಡಿಸಿದ ಗಿಯರ್

“ಇದರ ಗ್ರೀಸ್ ಯಾರ ಒರಿಸ್ಯಾರ?” ಎಂದು ಬೆಟಗೇರಿಯ ಮೆಕ್ಯಾನಿಕ್ ಖಾಜಾಸಾಬರು ಕೇಳಿದಾಗ ನಾನು ಹೆಮ್ಮೆಯಿಂದಲೇ, “ನಾನರಿ” ಎಂದೆ.

ಭಾನುವಾರದ ಓಟದ ಸ್ಪರ್ಧೆಗೆ ಸಜ್ಜುಗೊಳಿಸುತ್ತಿದ್ದ ನನ್ನ ಹಳೆಯ ಪೆಟ್ರೋಲ್ ಜೀಪಿನ, ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರನ್ನು ಅವರು ಆಗಷ್ಟೇ ಹೊರಗೆಳೆದಿದ್ದರು. ಅದರ ಹೊಸ ಕಂಚಿನ ಗಿಯರಿನ ಹಲ್ಲುಗಳು ಹದಿನೈದೇ ದಿನಕ್ಕೆ ಸವೆದು ಚಾಕುವಿನಂತೆ ಚೂಪಾಗಿದ್ದವು. ಅದನ್ನು ತಿರುಗಿಸುವ ಉಕ್ಕಿನ ಕ್ಯಾಮ್‌ಶಾಫ್ಟಿಗೆ ಕಂಚಿನ ಗಿಯರ್ ಆರಿಸಿದ್ದು ಸರಿಯೇ ಇತ್ತು. ಆದರೆ ನಾನು ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿನಲ್ಲಿ ಕೆಲಸ ಮಾಡುವವನು. ಅರಳೆಗೆ ಕಲೆ ತಾಗಬಾರದೆಂದು ಯಂತ್ರದ ಮೇಲೆ ಎಣ್ಣೆಯ ಹನಿ ಕಂಡರೂ ಒರೆಸುವುದು ನಮ್ಮ ರೂಢಿ. ಖಾಜಾಸಾಬರು ಗಿಯರಿಗೆ ಬಳಿದು ಕೊಟ್ಟಿದ್ದ ಗ್ರೀಸನ್ನೂ ಹಾಗೆಯೇ, ಥಳಥಳಿಸುವಂತೆ ಒರೆಸಿ ಕೂಡಿಸಿದ್ದೆ.

“ಒಣಾ ಹಲ್ಲು ಎಂಜಿನ್ ಶುರು ಆದ ನಿಮಿಷದಾಗ ಕೆಡಾಕ ಹತ್ತತಾವ. ಈ ಸಲ ನಾ ಹಚ್ಚಾಂಗಿಲ್ಲ, ನೀವ ಹಚ್ರಿ,” ಎಂದು ಅವರು ಇನ್ನೊಂದು ಗಿಯರನ್ನು ನನ್ನ ಕೈಗಿಟ್ಟರು. ಒಂದೊಂದು ಹಲ್ಲಿನ ಸಂದಿಗೂ ಬೆರಳಿನಿಂದ ಗ್ರೀಸು ತುಂಬಿದೆ. ಎರಡು ಸಲ ತೋರಿಸಿದರೂ ಅವರು ಸಾಲದೆಂದು ತಲೆಯಲ್ಲಾಡಿಸಿದರು. ಮೂರನೆಯ ಸಲ ಕೂಡಿಸಲು ಸ್ಪ್ಯಾನರ್ ಕೊಟ್ಟರು.

ಭಾನುವಾರ ಜೀಪು ಓಟ ಮುಗಿಸಿತು. ಜಿನ್ನಿನಲ್ಲಿ ನಾನು ಈಗಲೂ ಒಂದು ಹನಿ ಬಿಡದೆ ಒರೆಸುತ್ತೇನೆ. ಜೀಪಿನ ಬಾನೆಟ್ ಎತ್ತುವ ದಿನ ಮಾತ್ರ ಒರೆಸುವ ಬಟ್ಟೆಯನ್ನು ಮನೆಯಲ್ಲೇ ಬಿಟ್ಟು ಬರುತ್ತೇನೆ.