ಬಿರುಕಿಗೆ ಹಚ್ಚಿದ ಸುಣ್ಣ

ಆ ಬಿರುಕನ್ನು ಮುಚ್ಚಿದವಳು ನಾನೇ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಓದಿ ನನ್ನನ್ನು ಭಾಳ ಶಾಣ್ಯಾ ಹೆಣ್ಣುಮಗಳು ಎಂದುಕೊಂಡೀರಿ.

ಸುರಪುರದಿಂದ ಬೋನಾಳ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರ ಶಾಲೆ. ಆಗ ನಾನು ಅಲ್ಲಿ ಬಿಸಿಯೂಟದ ಅಡುಗೆಯವಳು. ಮಕ್ಕಳು ಆಯಿ ಎನ್ನುತ್ತಿದ್ದರು, ಅವರನ್ನು ಕೇಳಿ ಮಾಸ್ತರರೂ ಆಯಿ ಎನ್ನುತ್ತಿದ್ದರು. ಶಾಲೆಗೆ ಮೂರು ಖೋಲಿ. ನಡುವಿನದರಲ್ಲಿ ಒಂದನೇ ಎರಡನೇ ತರಗತಿಯ ಸಣ್ಣ ಮಕ್ಕಳು ಕೂಡುತ್ತಿದ್ದರು. ಅದರ ಮಾಳಿಗೆ ಪರಸಿ ಕಲ್ಲಿನದು. ಕಬ್ಬಿಣದ ಗರ್ಡರುಗಳ ಮೇಲೆ ಉದ್ದನೆಯ ಹಾಸುಗಲ್ಲು ಜೋಡಿಸಿ, ಮೇಲೆ ಗಚ್ಚು ಹಾಕಿದ್ದು. ನಮ್ಮ ಕಡೆ ಹಳೆಯ ಕಟ್ಟಡಗಳೆಲ್ಲ ಹೀಗೇ ಇರುತ್ತವೆ.

ಬಾಗಿಲಿನಿಂದ ಎರಡನೇ ಕಲ್ಲಿಗೆ ಬಿರುಕು ಬಿಟ್ಟದ್ದು ನನಗೆ ಮಳೆಗಾಲದಲ್ಲೇ ಗೊತ್ತಾಗಿತ್ತು. ಕಸ ಹೊಡೆಯುವಾಗ ತಲೆಯ ಮೇಲೆ ಹನಿ ಬಿತ್ತು, ಮೇಲೆ ನೋಡಿದೆ. ಕೂದಲಿನಷ್ಟು ಸಣ್ಣ ಗೆರೆ. ಹೆಡ್‌ಮಾಸ್ತರರಿಗೆ ಹೇಳಿದೆ. ನೋಡೋಣು ಅಂದರು. ನೋಡೋಣು ಎನ್ನುವುದು ನಮ್ಮಲ್ಲಿ ಮಾತು ಮುಗಿಸುವ ರೀತಿ. ನಾನೂ ಬಿಟ್ಟೆ. ದೀಪಾವಳಿಯ ಹೊತ್ತಿಗೆ ಆ ಗೆರೆಯಲ್ಲಿ ಹತ್ತು ಪೈಸೆ ನಾಣ್ಯದ ಅಂಚು ಹೋಗುವಷ್ಟು ಸಂದಾಗಿತ್ತು.

ದೊಡ್ಡವರು ನೋಡಲು ಬರುತ್ತಾರೆಂದರೆ ಸುಣ್ಣ ಹೊಡೆಯುವುದು ನಮ್ಮ ಪದ್ಧತಿ. ಯಾರೂ ಕಲಿಸಬೇಕಿಲ್ಲ. ಮನೆಗೆ ಬೀಗರು ಬಂದರೆ ಹರಿದ ಕೌದಿ ಕೆಳಗೆ, ಹೊಸದು ಮೇಲೆ. ಅದರಂತೆಯೇ ಇದೂ. ಒಂದು ದಿನ ಹೆಡ್‌ಮಾಸ್ತರರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಆಯಿ, ನಾಳೆ ಸುರಪುರದಿಂದ ಇಂಜಿನಿಯರ್ ಬರಾಕತ್ಯಾರ. ಖೋಲಿ ಎಲ್ಲಾ ಮಾರಿ ತೊಳಕೊಂಡ ಕೂಸಿನಂಗ ಕಾಣಬೇಕು ನೋಡು."

"ಸುಣ್ಣ ತರಸ್ರಿ. ಮಾರಿ ನಾ ತೊಳಿತೀನಿ" ಅಂದೆ.

ಗೋಡೆಗೆ ಬಳಿದೆ. ನಿಚ್ಚಣಿಕೆ ಹತ್ತಿ ಮಾಳಿಗೆಗೂ ಬಳಿದೆ. ಬಿರುಕಿನ ಹತ್ತಿರ ಬಂದಾಗ ಕೈ ನಿಲ್ಲಲಿಲ್ಲ. ಒಲೆ ಕಟ್ಟಿ ಉಳಿದ ಒಂದು ಮುಷ್ಟಿ ಸಿಮೆಂಟಿತ್ತು. ಅದನ್ನು ಸುಣ್ಣದಲ್ಲಿ ಕಲಸಿ, ಬೆರಳಿನಿಂದ ಸಂದಿಯಲ್ಲಿ ತುಂಬಿ, ಮೇಲೆ ಎರಡು ಸಲ ಬ್ರಷ್ ಎಳೆದೆ. ಕೆಳಗಿಳಿದು ನೋಡಿದರೆ ಎಲ್ಲಿತ್ತು ಎಂಬುದು ನನಗೇ ತಿಳಿಯಲಿಲ್ಲ. ಛಲೋ ಆಯಿತು ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ನನ್ನ ಗಂಡ ಗೌಂಡಿಯಾಗಿದ್ದ. ಶಹಾಪುರದಲ್ಲಿ, ಯಾದಗಿರಿಯಲ್ಲಿ, ಎಷ್ಟೋ ಪರಸಿ ಮಾಳಿಗೆ ಅವನು ಹಾಕಿದ, ನಾನು ಕೆಳಗಿನಿಂದ ಗಚ್ಚಿನ ಬುಟ್ಟಿ ಹೊತ್ತೆ. ಕಲ್ಲು ಏರಿಸುವ ಮೊದಲು ಪ್ರತಿಯೊಂದನ್ನೂ ಬಡಿದು ನೋಡುತ್ತಿದ್ದ. ಗಟ್ಟಿ ಕಲ್ಲು ತಾಟಿನಂತೆ ಕಣ್ ಎನ್ನುತ್ತದೆ, ಒಡೆದದ್ದು ದಬ್ ಎನ್ನುತ್ತದೆ. ಶಹಾಪುರದಲ್ಲಿ ಒಂದು ಅಂಗಡಿಗೆ ಪಾಯ ತೋಡುವಾಗ ಪಕ್ಕದ ಹಳೆಯ ಗೋಡೆ ಅವನ ಮೇಲೆ ಬಿತ್ತು. ಆಮೇಲೆ ಒಂದು ಕಾಗದ ಬಂತು. ನನಗೆ ಆಗ ಅಕ್ಷರ ಬರುತ್ತಿರಲಿಲ್ಲ. ಓದಿದವರು ಹೇಳಿದರು: ಗೋಡೆ ಶಿಥಿಲವಾಗಿದ್ದುದು ಮೊದಲೇ ಗಮನಕ್ಕೆ ಬಂದಿತ್ತು, ಮುಂದಿನ ಕ್ರಮ ಪರಿಶೀಲನೆಯಲ್ಲಿತ್ತು. ಯಾರ ಗಮನಕ್ಕೆ ಎಂದು ಕೇಳಿದೆ. ಅದು ಬರೆದಿಲ್ಲ ಅಂದರು. ಯಾರು ಪರಿಶೀಲಿಸುತ್ತಿದ್ದರು ಎಂದು ಕೇಳಿದೆ. ಅದೂ ಬರೆದಿಲ್ಲ. ನನ್ನ ಗಂಡನ ಹೆಸರು ಮಾತ್ರ ತಪ್ಪಿಲ್ಲದೆ ಬರೆದಿದ್ದರು.

ಅದಾದ ಮೇಲೆ ಸಾಕ್ಷರತೆಯ ತರಗತಿಗೆ ಹೋಗಿ ಅಕ್ಷರ ಕಲಿತೆ. ಬಹಳವಲ್ಲ. ಬೆರಳಿಟ್ಟು, ಒಂದೊಂದನ್ನೇ ಕೂಡಿಸಿ ಓದುವಷ್ಟು.

ಮರುದಿನ ಇಂಜಿನಿಯರ್ ಬಂದದ್ದು ಸ್ಕೂಟಿಯ ಮೇಲೆ. ಸಣ್ಣ ವಯಸ್ಸಿನ ಹೆಣ್ಣುಮಗಳು, ಶಹಾಪುರದವಳೇ. ಟಾರ್ಚ್ ಹಚ್ಚಿ ಮೂರೂ ಖೋಲಿ ನೋಡಿದಳು, ಮೊಬೈಲಿನಲ್ಲಿ ಫೋಟೊ ಹಿಡಿದಳು, ನನ್ನ ಅಡುಗೆಮನೆಯ ಹೊಗೆಗಿಂಡಿಯನ್ನೂ ನೋಡಿದಳು. ಕೆಲಸಗಳ್ಳಿಯಲ್ಲ ಅವಳು. ಆದರೆ ಸುಣ್ಣದ ಕೆಳಗೆ ಇರುವುದನ್ನು ಯಾವ ಟಾರ್ಚ್ ತೋರಿಸುತ್ತದೆ? ಆಮೇಲೆ ಮೇಜಿನ ಮುಂದೆ ಕುಳಿತು ವರದಿ ಬರೆದಳು. ಹೆಡ್‌ಮಾಸ್ತರರ ಸಹಿ ಆಯಿತು. ಅಡುಗೆಮನೆಯದೂ ಅದರಲ್ಲೇ ಇದ್ದುದರಿಂದ ನನ್ನ ಸಹಿಯೂ ಬೇಕಿತ್ತು.

ನಾನು ಕಾಗದ ಹಿಡಿದು ಓದತೊಡಗಿದೆ.

"ಆಯಿ, ಸಹಿ ಮಾಡು. ಸಾರು ಉಕ್ಕಾಕತ್ತದ" ಅಂದರು ಹೆಡ್‌ಮಾಸ್ತರರು.

"ಉಕ್ಕಲಿ ಬಿಡ್ರಿ. ಓದ್ಲಿಕ್ಕೆ ಕಲತದ್ದು ಯಾತಕ್ಕ?"

ನಡುವಿನ ಖೋಲಿಯ ಬಗ್ಗೆ ಹೀಗಿತ್ತು: 'ಛಾವಣಿಯಲ್ಲಿ ಗಮನಾರ್ಹ ದೋಷಗಳು ಕಂಡುಬಂದಿರುವುದಿಲ್ಲ. ಅವಶ್ಯವೆನಿಸಿದಲ್ಲಿ ಸೂಕ್ತ ಕ್ರಮ ಕೈಗೊಳ್ಳಬಹುದಾಗಿರುತ್ತದೆ.'

ಎರಡು ಸಲ ಓದಿದೆ. ಗಂಡನ ಕಾಗದದ ಮಾತೂ ಇದೇ ಮನೆತನದ್ದು.

"ಮೇಡಂ, ಈ ಅವಶ್ಯ ಅನಸೂದು ಯಾರಿಗ್ರಿ?"

ಅವಳು ತಲೆ ಎತ್ತಿದಳು. "ಯಾರಿಗರ ಅನಿಸಿದ್ರ, ಆಯಿ."

"ಕ್ರಮ ತಗೊಳ್ಳೋರು?"

"ಸಂಬಂಧಪಟ್ಟೋರು."

"ನಮ್ಮೂರಾಗ ಸಂಬಂಧಪಟ್ಟೋರು ಅಂತ ಯಾರ ಮನಿತನಾನೂ ಇಲ್ರಿ."

ಅವಳಿಗೆ ನಗು ಬಂತು, ತಡೆದುಕೊಂಡಳು. "ಆಫೀಸಿನ ಭಾಷಾ ಹಂಗಾ ಇರ್ತದ, ಆಯಿ. ಹಿಂದಿನ ವರದಿ ನೋಡಿ ಬರಿತೀವಿ."

"ನನಗ ಒಂದಾ ಮಾತು ಹೇಳ್ರಿ. ಕೂಸುಗಳು ಅದರ ಕೆಳಗ ಕೂಡಬೇಕೋ, ಬ್ಯಾಡೋ?"

"ದೋಷ ಕಂಡಿಲ್ಲ ಅಂತ ಬರ್ದೀನಲ್ಲ."

"ಕಂಡಿಲ್ಲ ಅಂದ್ರ ಇಲ್ಲ ಅಂತ ಅಲ್ರಿ. ಬಿರುಕು ಐತಿ. ನಿನ್ನಿ ನಾನಾ ಮುಚ್ಚೀನಿ."

ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸತೊಡಗಿದರು.

ನಾನು ಅಡುಗೆಮನೆಗೆ ಹೋಗಿ ಸಾರಿನ ದೊಡ್ಡ ಸವುಟು ತಂದೆ. ಮಕ್ಕಳನ್ನು ಹೊರಗೆ ಕಳಿಸಿ, ನಿಚ್ಚಣಿಕೆ ಹತ್ತಿ, ಸವುಟಿನ ಅಂಚಿನಿಂದ ಸುಣ್ಣ ಕೆರೆದೆ. ನಿನ್ನೆ ತುಂಬಿದ್ದು ಒಣಗಿ ಪದರ ಪದರ ಉದುರಿತು. ಗೆರೆ ಗೋಡೆಯಿಂದ ಗರ್ಡರಿನವರೆಗೆ ಹಾಗೇ ಇತ್ತು. ಆಮೇಲೆ ಸವುಟಿನ ಹಿಡಿಕೆಯಿಂದ ಬಡಿದೆ. ಒಂದನೆಯದು ಕಣ್ ಅಂತು. ಎರಡನೆಯದು ದಬ್. ಮೂರನೆಯದೂ ದಬ್.

"ಬರ್ಕೋರಿ. ಎರಡೂ ಒಡದಾವ."

ಇಂಜಿನಿಯರ್ ತಾನೂ ಹತ್ತಿದಳು. ಕೈಯಿಂದ ಮುಟ್ಟಿದಳು, ಬಡಿದಳು, ಮೂರನೇ ಕಲ್ಲಿನ ಕೆಳಗೆ ಬಹಳ ಹೊತ್ತು ಟಾರ್ಚ್ ಹಿಡಿದಳು. ಇಳಿದು ಬಂದು ಕೇಳಿದಳು:

"ಮೂರನೇದು ಒಡದದ್ದು ನೀವು ನೋಡೀರೇನು?"

"ಸಪ್ಪಳ ಕೇಳಿಲ್ಲೇನು ನೀವು?"

"ಸಪ್ಪಳ ಕೇಳೀನಿ. ಒಡದದ್ದು ನೋಡಿಲ್ಲ. ನೀವು ನೋಡೀರಾ?"

"ನನ್ನ ಕಿವಿ ಸುಳ್ಳು ಹೇಳಂಗಿಲ್ಲ."

"ಹೇಳಂಗಿಲ್ಲ ಅನ್ರಿ. ಆದರ ನೋಡಿದ್ದು ನೋಡಿದ್ದು ಅಂತ, ಕೇಳಿದ್ದು ಕೇಳಿದ್ದು ಅಂತ, ಅನುಮಾನ ಇದ್ದದ್ದು ಅನುಮಾನ ಅಂತ ಬರಿತೀನಿ. ನನಗ ಸುತ್ತಿ ಬರಿಬ್ಯಾಡ ಅಂತ ಹೇಳಿ, ನೀವು ಗೊತ್ತಿಲ್ಲದ್ದು ಗೊತ್ತೈತಿ ಅಂದ್ರ ಹೆಂಗ, ಆಯಿ?"

ಮೂವತ್ತು ವರ್ಷ ಕಲ್ಲಿನ ಕೆಲಸ ಮಾಡಿದವಳಿಗೆ ಮೊನ್ನೆ ಹುಟ್ಟಿದವಳು ಹೇಳುತ್ತಾಳೆ ಎಂದು ಸಿಟ್ಟು ಬಂತು.

ಹಳೆಯ ಹಾಳೆ ಹರಿದಳು. ಹೊಸದು ಬರೆಯುತ್ತ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿದಳು: 'ಎರಡನೇ ಕಲ್ಲು ಗೋಡೆಯಿಂದ ಗರ್ಡರಿನವರೆಗೆ ಒಡೆದಿದೆ, ನಾನು ನೋಡಿದ್ದೇನೆ. ಮೂರನೇ ಕಲ್ಲು ಬಡಿದರೆ ಮಂದ ಸದ್ದು ಬರುತ್ತದೆ, ಬಿರುಕು ಕಾಣುವುದಿಲ್ಲ, ಅನುಮಾನವಿದೆ. ಕಲ್ಲು ಬದಲಿಸುವವರೆಗೆ ಈ ಖೋಲಿಯಲ್ಲಿ ಮಕ್ಕಳನ್ನು ಕೂರಿಸಬಾರದು. ಇಂದೇ ಬೀಗ ಹಾಕಿ ಮುಖ್ಯಗುರುಗಳು ಕೀಲಿ ಇಟ್ಟುಕೊಳ್ಳಬೇಕು. ಕಲ್ಲು ಬದಲಿಸುವ ಕೆಲಸ ನಮ್ಮ ಕಚೇರಿಯದು.'

ಕೊನೆಗೆ ಒಂದು ಸಾಲು: 'ಬಿರುಕಿನ ಮೇಲೆ ಹಿಂದಿನ ದಿನ ಸುಣ್ಣ ಹಚ್ಚಲಾಗಿತ್ತು.'

"ಯಾರು ಹಚ್ಚಿದ್ರು ಅಂತ ಬರೀಲಿಲ್ಲ" ಅಂದೆ.

"ಇರ್ಲಿ ಬಿಡ್ರಿ ಆಯಿ. ನಿಮ್ಮ ಕೆಲಸಕ್ಕ ತ್ರಾಸ ಆಗ್ತದ."

"ನನಗೊಂದು ಸುತ್ತು ಮಾತು, ಊರಿಗೊಂದು ನೆಟ್ಟನ ಮಾತು ಏನು? ಅಡಗಿ ಮಾಡಾಕಿ ಹಚ್ಯಾಳ ಅಂತ ಬರೀರಿ."

ಹೆಡ್‌ಮಾಸ್ತರರು ಕೆಮ್ಮಿದರು. ಅವರ ಮುಖ ನೋಡಿ ನನಗೆ ಅರ್ಥವಾಯಿತು.

"ಮಾಸ್ತರ ಹೇಳಿದ್ದು ಸುಣ್ಣ ಹೊಡಿ ಅಂತ. ಬಿರುಕು ಮುಚ್ಚು ಅಂದಿಲ್ಲ. ಅದು ನನ್ನ ಬುದ್ಧಿ. ಅದನ್ನೂ ಬರೀರಿ" ಅಂದೆ.

ಬರೆದಳು. ಸಹಿ ಮಾಡಿದೆ. ಸಾರು ತಳ ಹಿಡಿದಿತ್ತು. ಆ ದಿನ ಮಕ್ಕಳು ಹೊಗೆ ವಾಸನೆಯ ಸಾರನ್ನೇ ಉಂಡರು.

ಸಣ್ಣ ಮಕ್ಕಳು ಪಡಸಾಲೆಗೆ, ಅಂಗಳದ ಬೇವಿನ ಗಿಡದ ಕೆಳಗೆ ಬಂದರು. ಚಳಿಗಾಲ ಕಳೆಯಿತು, ಬಿಸಿಲು ಬಂತು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ಬೇವಿನ ನೆರಳು ಸರಿದಂತೆ ಮಕ್ಕಳೂ ಪಾಟಿಚೀಲ ಎಳೆದುಕೊಂಡು ಸರಿಯುತ್ತಿದ್ದರು. ಒಬ್ಬಳ ತಾಯಿ ನಲ್ಲಿಯ ಹತ್ತಿರ ಎಲ್ಲರಿಗೂ ಕೇಳುವಂತೆ ಅಂದಳು: "ಅನ್ನ ಕುದಸೂದು ಬಿಟ್ಟು ಇಂಜಿನಿಯರಕಿ ಮಾಡಾಕ ಹೋಗ್ಯಾಳ ಮುದುಕಿ. ನಮ್ಮ ಕೂಸುಗಳು ಬಿಸಲಾಗ ಬೇಯಾಕತ್ತಾವ." ನಾನು ಕೊಡ ತುಂಬಿಕೊಂಡು ಬಂದೆ. ಅವಳು ಅಂದದ್ದರಲ್ಲಿ ಸುಳ್ಳೇನಿರಲಿಲ್ಲ. ಮಕ್ಕಳು ಬೇಯುತ್ತಲೇ ಇದ್ದವು.

ನನಗೆ ನೋಟಿಸ್ ಬಂತು. ಬಿರುಕು ಯಾಕೆ ಮುಚ್ಚಿದೆ ಎಂದು ಉತ್ತರ ಕೊಡಬೇಕು, ಇಲ್ಲದಿದ್ದರೆ ಕೆಲಸದಿಂದ ತೆಗೆಯುತ್ತೇವೆ ಎಂದು. ಹೆಡ್‌ಮಾಸ್ತರರು ತಾವೇ ಒಂದು ಉತ್ತರ ಬರೆದು ತಂದಿದ್ದರು. ಅನವಧಾನದಿಂದ ಸಂಭವಿಸಿರುತ್ತದೆ ಎಂದಿತ್ತು. ಅನವಧಾನ ಎಂದರೇನು ಎಂದು ಕೇಳಿದೆ. ಗೊತ್ತಿಲ್ಲದೆ ಆದದ್ದು ಅಂದರು. ನಾನು ಗೊತ್ತಿದ್ದೇ ಮಾಡಿದೆನಲ್ಲ. ಹಾಳೆಯನ್ನು ತಿರುವಿ ಹಿಂದೆ ನಾನೇ ಬರೆದೆ: 'ಸಾಹೇಬರು ಬರುತ್ತಾರೆ ಎಂದು ಚಂದ ಕಾಣಲಿ ಅಂತ ಮುಚ್ಚಿದೆ. ಕಲ್ಲು ಒಡೆದದ್ದು ಗೊತ್ತಿತ್ತು. ತಪ್ಪು ನನ್ನದು. ಇನ್ನು ಮುಚ್ಚುವುದಿಲ್ಲ.' ನಾಲ್ಕು ಸಾಲಿಗೆ ಒಂದು ಮಧ್ಯಾಹ್ನ ಬೇಕಾಯಿತು. ತಿಂಗಳಾದ ಮೇಲೆ ಎಚ್ಚರಿಕೆ ಕೊಟ್ಟು ಬಿಟ್ಟರು.

ಶಾಲೆಗೆ ಬೇಸಿಗೆ ರಜೆ ಇದ್ದಾಗ ಕಲ್ಲು ತೆಗೆಯುವ ಆಳುಗಳು ಬಂದರು. ಇಂಜಿನಿಯರ್ ಕೂಡ ಬಂದು ನಿಂತಳು. ಮೇಲಿನ ಗಚ್ಚು ಅಗೆದು, ಎರಡನೇ ಕಲ್ಲಿಗೆ ಹಾರೆ ಹಾಕಿ ಮೀಟುತ್ತಲೇ ಅದು ಎರಡು ತುಂಡಾಯಿತು. ಒಂದು ತುಂಡು ಆಳುಗಳ ಕೈ ತಪ್ಪಿ ಒಳಗೆ ಬಿತ್ತು. ಹೋಗಿ ನೋಡಿದೆ. ಬೋರ್ಡಿನ ಮುಂದೆ ಮೊದಲ ಸಾಲಿನ ಮಕ್ಕಳು ಕೂಡುವ ಜಾಗ. ನೆಲದ ಹಾಸು ಒಡೆದು ಕುಳಿ ಬಿದ್ದಿತ್ತು. ನಾನು ನೋಡಿದೆ, ಇಂಜಿನಿಯರ್ ನೋಡಿದಳು, ಹೆಡ್‌ಮಾಸ್ತರರು ನೋಡಿ ಹೊರಗೆ ಹೋದರು.

ಮೂರನೇ ಕಲ್ಲು ಇಡಿಯಾಗಿ ಬಂತು. ತಿರುವಿ ಮುರುವಿ ನೋಡಿದೆವು. ಎಲ್ಲಿಯೂ ಒಂದು ಗೆರೆ ಇರಲಿಲ್ಲ. ನಾನು ಆಣೆ ಮಾಡಿ ಹೇಳುವವಳಿದ್ದೆ, ಅವಳು ಅನುಮಾನ ಎಂದು ಬರೆದಿದ್ದಳು. ಅವಳು ನನ್ನ ಕಡೆ ನೋಡಲಿಲ್ಲ. ಅಷ್ಟು ಮರ್ಯಾದೆ ಇತ್ತು ಅವಳಿಗೆ.

"ನನ್ನ ಕಿವಿ ಮುದಿ ಆಗ್ಯಾವ" ಅಂದೆ ನಾನೇ.

"ಕಲ್ಲಿನ ಕೆಳಗ ಗಚ್ಚು ಸಡ್ಲಿದ್ರೂ ಹಂಗ ಸಪ್ಪಳ ಬರ್ತದಂತ, ಆಯಿ. ನನಗೂ ಪೂರಾ ಗೊತ್ತಿಲ್ಲ."

ಹೊಸ ಕಲ್ಲು ಕೂಡಿಸಿದರು. ಒಂದೊಂದನ್ನೂ ಏರಿಸುವ ಮೊದಲು ನನ್ನಿಂದಲೂ ಬಡಿಸಿದಳು, ತಾನೂ ಬಡಿದಳು. ಶಾಲೆ ಶುರುವಾಗುವ ಮುಂಚಿನ ದಿನ ಬಂದು ಕೊನೆಯ ವರದಿ ಬರೆದಳು. ಅದರಲ್ಲಿ ಒಂದು ಸಾಲು ಮಾತ್ರ ನಾನು ಬೆರಳಿಡದೆ ಓದಿದೆ: 'ಮಕ್ಕಳು ಇಲ್ಲಿ ಕೂಡಬಹುದು.' ಕೆಳಗೆ ಅವಳ ಹೆಸರು, ಅವಳ ಸಹಿ. ನಾನೂ ಸಹಿ ಮಾಡಿದೆ.

ಈಗ ನಾನು ಆ ಕೆಲಸದಲ್ಲಿಲ್ಲ, ವಯಸ್ಸಾಯಿತೆಂದು ಬಿಡಿಸಿದರು. ಇರುವಷ್ಟು ವರ್ಷ ಸಾಹೇಬರು ಬರುವ ಮುಂಚೆ ಸುಣ್ಣ ಹೊಡೆದೆ, ಗೋಡೆಗೆ ಮಾತ್ರ. ಮಾಳಿಗೆಯ ಕಲ್ಲು ಕರಿದಾಗಿಯೇ ಇರುತ್ತಿತ್ತು, ಅರ್ಧ ಮಾರಿ ತೊಳೆದಂತೆ ಕಾಣುತ್ತದೆ ಎಂದು ಹೆಡ್‌ಮಾಸ್ತರರು ಗೊಣಗುತ್ತಿದ್ದರು. ಆ ಮೂರನೇ ಕಲ್ಲು ನಲ್ಲಿಯ ಹತ್ತಿರ ಇದೆ, ಮಕ್ಕಳು ಅದರ ಮೇಲೆ ನಿಂತು ತಾಟು ತೊಳೆಯುತ್ತಾರೆ. ಆ ಕಡೆ ಹೋದಾಗ ಬಗ್ಗಿ ಒಂದು ಸಲ ಬಡಿದು ನೋಡುತ್ತೇನೆ. ಈಗಲೂ ದಬ್ ಎನ್ನುತ್ತದೆ. ಯಾಕೆಂದು ನನಗೆ ಗೊತ್ತಿಲ್ಲ.