ದಿಯೆಪ್ ಅಜ್ಜನ ತಿಥಿ

ಹ್ವಾ ಹ್ಯೂಸ್ಟನ್ನಿನ ಒಂದು ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. ಹರೆಯದಲ್ಲಿ ಗಂಡ ಕ್ವಾಂಗ್ ಜೊತೆ ದೋಣಿ ಹತ್ತಿ ವಿಯೆಟ್ನಾಂ ಬಿಟ್ಟು ಬಂದರು. ಮಗ ಮಿನ್ ಹುಟ್ಟಿದ್ದು ಇಲ್ಲೇ. ಅವನು ಉಡುಪಿಯ ತುಂಗಾಳನ್ನು ಮದುವೆಯಾಗುತ್ತೇನೆ ಎಂದಾಗ, ಅವರ ಮನೆಯಲ್ಲಿ ಸತ್ತವರಿಗೆ ಎಡೆ ಇಡುತ್ತಾರೆಯೇ ಎಂದು ಕ್ವಾಂಗ್ ಕೇಳಿದರು. ಇಡುತ್ತಾರೆ, ಅದಕ್ಕೆ ತಿಥಿ ಅನ್ನುತ್ತಾರೆ ಎಂದು ತಿಳಿದ ಮೇಲೆ ಬೇರೇನೂ ಕೇಳಲಿಲ್ಲ.

ಆ ಮನೆಯ ದೊಡ್ಡ ತಿಥಿ ಕ್ವಾಂಗ್ ಅವರ ಮುತ್ತಜ್ಜ ದಿಯೆಪ್‌ನದು. ಶಾಸ್ತ್ರ ಓದಿ, ರಾಜನ ಪರೀಕ್ಷೆ ಗೆದ್ದು, ಒಂದು ಸೀಮೆಗೆ ಅಮಲ್ದಾರನಾಗಿದ್ದವನು. ಫ್ರೆಂಚರು ರಾಜಧಾನಿ ಹಿಡಿದಾಗ ಇನ್ನೂ ಮೀಸೆ ಮೂಡದ ರಾಜ ಬೆಟ್ಟಕ್ಕೆ ಓಡಿಹೋಗಿ, ಓದಿದವರೆಲ್ಲ ನನ್ನ ಬೆನ್ನಿಗೆ ನಿಲ್ಲಿ ಎಂದು ಕರೆ ಕೊಟ್ಟ. ದಿಯೆಪ್ ಕಚೇರಿಯ ಮೊಹರನ್ನು ಮೇಜಿನ ಮೇಲಿಟ್ಟು ಹೊರಟುಬಿಟ್ಟ. ಬಿದಿರಿನ ಭರ್ಜಿ ಹಿಡಿದ ರೈತರನ್ನು ಕಟ್ಟಿಕೊಂಡು ಹೊಡೆದಾಡಿದ. ಸೆರೆ ಸಿಕ್ಕಾಗ, ಫ್ರೆಂಚರು ಹಳೆಯ ಹುದ್ದೆಯನ್ನೇ ಕೊಡುತ್ತೇವೆಂದರೂ ಒಪ್ಪದೆ ತಲೆ ಕೊಟ್ಟ. ಪ್ರತಿ ತಿಥಿಯಲ್ಲೂ ಕ್ವಾಂಗ್ ಅವನ ಚಿತ್ರದ ಮುಂದೆ ನಿಂತು ಇದನ್ನು ಹೇಳುತ್ತಿದ್ದರು.

ಹ್ವಾ ಮಾತ್ರ ಬೆಳಗಿನಿಂದ ಅಡುಗೆ ಮಾಡಿ, ಊದುಬತ್ತಿ ಹಚ್ಚುವ ಹೊತ್ತಿಗೆ ಹಿತ್ತಲಿಗೆ ಹೋಗಿ ಪುದೀನಕ್ಕೆ ನೀರು ಹಾಕುತ್ತ ನಿಲ್ಲುತ್ತಿದ್ದರು. ಅತ್ತೆ ಚರ್ಚಿಗೆ ಹೋಗುವವರು, ಅದಕ್ಕೇ ಇರಬೇಕು ಎಂದು ತುಂಗಾ ಅಂದುಕೊಂಡಿದ್ದಳು.

ಹೋದ ವರ್ಷ ಕ್ವಾಂಗ್ ತೀರಿಕೊಂಡರು. ದಿಯೆಪ್‌ನ ತಿಥಿ ಬಂದಾಗ ತುಂಗಾ, ಮಿನ್ ಮತ್ತು ಮಗಳು ಅನಘಾ ತಾವಿರುವ ಜಾರ್ಜ್‌ಟೌನ್‌ನಿಂದ ಹ್ಯೂಸ್ಟನ್ನಿಗೆ ಡ್ರೈವ್ ಮಾಡಿಕೊಂಡು ಹೋದರು. ಅಡುಗೆಮನೆಯಲ್ಲಿ ಮೀನು ಹೆಚ್ಚುತ್ತಿದ್ದ ಹ್ವಾ, ಊದುಬತ್ತಿ ಮಿನ್ನೇ ಹಚ್ಚಲಿ, ನನ್ನನ್ನು ಕರೆಯಬೇಡಿ ಎಂದರು. ಯಾಕೆ ಎಂದು ತುಂಗಾ ಮೊದಲ ಬಾರಿಗೆ ಕೇಳಿದಳು.

ಹ್ವಾ ಕೈ ತೊಳೆದುಕೊಂಡು ಹೇಳಿದರು. ಅವರ ಮುತ್ತಜ್ಜಿಯದು ಅದೇ ಸೀಮೆಯ ಕ್ರಿಶ್ಚಿಯನ್ನರ ಹಳ್ಳಿ. ಕ್ರಿಶ್ಚಿಯನ್ನರೆಲ್ಲ ಫ್ರೆಂಚರ ಕಡೆಯವರು ಎಂಬ ಮಾತು ಹಬ್ಬಿತ್ತು. ದಿಯೆಪ್‌ನ ಜನ ಹಳ್ಳಿಯನ್ನು ಸುತ್ತುವರಿದರು. ಹೆದರಿದವರು ಚರ್ಚಿನೊಳಗೆ ಸೇರಿಕೊಂಡರು. ಚರ್ಚಿಗೇ ಬೆಂಕಿ ಬಿತ್ತು. ಅಡುಗೆಗೆ ಬಸವನಹುಳು ಹೆಕ್ಕಲು ಹೊಳೆಗೆ ಹೋಗಿದ್ದ, ಆಗಿನ್ನೂ ಹುಡುಗಿಯಾಗಿದ್ದ ಆ ಮುತ್ತಜ್ಜಿ ಒಬ್ಬಳೇ ಮನೆಯವರಲ್ಲಿ ಉಳಿದಳು.

“ಮಾವನಿಗೆ ಗೊತ್ತಿತ್ತಾ?”

ಗೊತ್ತಿತ್ತಂತೆ. ಮದುವೆಯ ಹೊಸದರಲ್ಲಿ ಇದೇ ಜಗಳ. ಅಜ್ಜ ಹೇಳಿರಲಿಕ್ಕಿಲ್ಲ, ಜನ ತಾವಾಗಿ ಮಾಡಿದ್ದು ಎಂದು ಕ್ವಾಂಗ್, ಅವನ ಅಪ್ಪಣೆಯಿಲ್ಲದೆ ಒಂದು ಕಡ್ಡಿಯೂ ಅಲುಗುತ್ತಿರಲಿಲ್ಲ ಎಂದು ಹ್ವಾ. ಯಾವುದು ನಿಜ ಎಂದು ಹೇಳುವವರು ಯಾರೂ ಉಳಿದಿರಲಿಲ್ಲ. ಆಮೇಲೆ ಇಬ್ಬರೂ ಆ ಮಾತನ್ನು ಎತ್ತಲೇ ಇಲ್ಲ.

“ಮತ್ತೆ ಅವನಿಗೆ ಯಾಕೆ ಅಡುಗೆ ಮಾಡ್ತೀರಿ ಅಮ್ಮ?”

“ಹಸಿದವನಿಗೆ ಊಟ ಇಲ್ಲ ಅನ್ನೋದಕ್ಕೆ ನನಗೆ ಬರಲ್ಲ ಮಗಳೇ. ಕೈ ಮುಗಿಯೋದಕ್ಕೂ ಬರಲ್ಲ.”

ಇದನ್ನು ಮಿನ್‌ಗೆ ಹೇಳಬೇಕೋ ಬೇಡವೋ ಎಂದು ತುಂಗಾಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅವನು ಅಪ್ಪನ ಹಾಗೆಯೇ ಚಿತ್ರದ ಮುಂದೆ ನಿಂತು ಅನಘಾಳಿಗೆ ಕಥೆ ಶುರುಮಾಡಿದ್ದ. ದಿಯೆಪ್‌ನ ಫೋಟೋ ಎಲ್ಲೂ ಇರಲಿಲ್ಲ. ಹ್ಯೂಸ್ಟನ್ನಿನ ಪೇಂಟರ್ ಒಬ್ಬ ಕ್ವಾಂಗ್ ಅವರ ಮುಖ ನೋಡಿಯೇ ಬರೆದದ್ದು ಆ ಚಿತ್ರ.

ಅವನು ಯಾರನ್ನಾದರೂ ಕೊಂದಿದ್ದನೇ ಎಂದು ಅನಘಾ ಇಂಗ್ಲಿಷಿನಲ್ಲಿ ಕೇಳಿದಳು. ಫ್ರೆಂಚ್ ಸಿಪಾಯಿಗಳನ್ನು ಎಂದ ಮಿನ್.

ಹ್ವಾ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ನಮ್ಮ ಊರಿನವರನ್ನೂ,” ಎಂದರು.

ಹಚ್ಚಬೇಕಿದ್ದ ಊದುಬತ್ತಿ ಮಿನ್‌ನ ಕೈಯಲ್ಲೇ ಇತ್ತು. ಹ್ವಾ ಮತ್ತೊಮ್ಮೆ ಎಲ್ಲವನ್ನೂ, ಈ ಸಲ ಚುಟುಕಾಗಿ ಹೇಳಿದರು. ಮಿನ್ ಅಮ್ಮನನ್ನು ನೋಡಿದ, ಚಿತ್ರದಲ್ಲಿದ್ದ ಅಪ್ಪನ ಮುಖ ನೋಡಿದ. ಹಾಗಾದರೆ ಇದನ್ನು ಹಚ್ಚಲೋ ಬೇಡವೋ ಎಂದು ಕೇಳಿದ.

“ನನಗೂ ಗೊತ್ತಿಲ್ಲ. ನಿಮ್ಮಪ್ಪ ಹಚ್ಚುತ್ತಿದ್ದರು, ನಾನು ಹೊರಗೆ ಹೋಗುತ್ತಿದ್ದೆ. ಹಾಗೇ ನಡೀತು.”

ಮಿನ್ ಊದುಬತ್ತಿಯನ್ನು ಹಚ್ಚಿ ಮರಳಿನ ಬಟ್ಟಲಲ್ಲಿ ಚುಚ್ಚಿದ. ಬಗ್ಗಿ ನಮಸ್ಕರಿಸಲು ಮಾತ್ರ ಆಗಲಿಲ್ಲ. ತುಂಗಾಳಿಗೆ ಊರಲ್ಲಿ ದಿಕ್ಕಿಲ್ಲದೆ ಸತ್ತವರಿಗೂ ಒಂದು ಪಿಂಡ ಇಡುವುದು ನೆನಪಾಗಿ, ಸುಟ್ಟುಹೋದವರಿಗೂ ಒಂದು ಎಡೆ ಇಡೋಣವೇ ಎಂದಳು. ಹ್ವಾ ಬೇಡವೆಂದರು. ಅವರಿಗೆ ಚರ್ಚಿನಲ್ಲಿ ಪೂಜೆ ಕೊಡಿಸುತ್ತಲೇ ಇದ್ದಾರಂತೆ. ಅವನ ಪಕ್ಕ ಕೂತು ಅವರು ಉಣ್ಣುವುದಿಲ್ಲ ಎಂದರು.

ಊಟ ಮುಗಿಸಿ ಮೂವರೂ ಜಾರ್ಜ್‌ಟೌನ್‌ಗೆ ಹಿಂತಿರುಗಿದರು. ಆಮೇಲಿಂದ ಮಿನ್ ವಾರಕ್ಕೊಮ್ಮೆ ಅಮ್ಮನಿಗೆ ಫೋನ್ ಮಾಡಿ ಆ ಹಳ್ಳಿಯ ಬಗ್ಗೆ ಕೇಳುತ್ತಾನೆ. ಒಂದು ದಿನ, ಅಂಥ ಕಾಲದಲ್ಲಿ ದಿಯೆಪ್ ಅಜ್ಜ ಏನು ಮಾಡಿಯಾನು ಎನ್ನುತ್ತಾನೆ. ಇನ್ನೊಂದು ದಿನ ಆ ಹೆಸರು ಹೇಳಿದರೇ ಎದ್ದುಹೋಗುತ್ತಾನೆ. ಬರುವ ತಿಥಿಗೆ ಏನು ಮಾಡುವುದೆಂದು ತುಂಗಾ ಕೇಳಿದರೆ, ಅಮ್ಮನ್ನ ನೋಡೋಕಂತೂ ಹೋಗೋಣ ಎನ್ನುತ್ತಾನೆ, ಅಷ್ಟೆ.